ಎಸ್‌ಎಂಪಿಎಸ್‌ನಲ್ಲಿ ಮೈನರ್ ಓಡಿಸುತ್ತಿದ್ದೀರಾ? ಕೈಕೊಟ್ಟರೆ ಹೀಗೆ ಹುಡುಕಿ

"ಮೈನರ್ ಆಫ್ ಆಗೋಗ್ತಿದೆ, ಎಸ್‌ಎಂಪಿಎಸ್ ಹೋಗಿದೆ ಅನ್ಸುತ್ತೆ, ಯಾವುದು ತಗೊಳ್ಳಲಿ?" ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಹುಡುಗರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಮೈನರ್ ಅಂದರೆ ಬಿಟ್‌ಕಾಯಿನ್ ಥರದ ಕ್ರಿಪ್ಟೋ ಕಾಯಿನ್ ಗಳಿಸಲು ಹಗಲುರಾತ್ರಿ ಲೆಕ್ಕ ಹಾಕುವ ಯಂತ್ರ, ಎಸ್‌ಎಂಪಿಎಸ್ ಅಂದರೆ ಮನೆಯ ಕರೆಂಟನ್ನು ಡಿಸಿ ಮಾಡಿಕೊಡುವ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ. ದುಡ್ಡು ಬಿಚ್ಚುವ ಮುಂಚೆ ನನಗೆ ಎರಡು ವಿಷಯ ಹೇಳಿ. ಆನ್ ಮಾಡಿ ಎಷ್ಟು ಹೊತ್ತಿಗೆ ಆಫ್ ಆಯಿತು? ಮೈನರ್ ಓಡುತ್ತಿರುವಾಗ ಅದರ ಬೋರ್ಡಿಗೆ ಪ್ಲಗ್ ಸೇರುವ ತುದಿಯಲ್ಲಿ ಎಷ್ಟು ವೋಲ್ಟ್ ಇತ್ತು? ಮುಕ್ಕಾಲು ಪಾಲು ಕೇಸು ಇಷ್ಟರಲ್ಲೇ ಬಗೆಹರಿಯುತ್ತವೆ, ಅದರಲ್ಲೂ ಎಸ್‌ಎಂಪಿಎಸ್ ನಿಜವಾಗಿ ಸತ್ತಿರುವುದು ಕಮ್ಮಿ. ತಪ್ಪು ಇರುವುದು ವೈರಲ್ಲಿ, ಪ್ಲಗ್ಗಲ್ಲಿ, ಇಲ್ಲ ಲೆಕ್ಕದಲ್ಲಿ.

ಉದಾಹರಣೆಗೆ ಆಂಟ್‌ಮೈನರ್ ಎಸ್9 ಇಟ್ಟುಕೊಳ್ಳುತ್ತೇನೆ. 2016ರ ಮಾಡೆಲ್, ಹಳೇದು, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಮುಖ್ಯವಾಗಿ ಅದು 12 ವೋಲ್ಟ್ ಡಿಸಿ ತಗೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಹಾಕುವ 6 ಪಿನ್ ಪ್ಲಗ್ಗೇ ಅದಕ್ಕೂ ಸಾಕು. ಅದಕ್ಕೇ ಎಲ್ಲರೂ ಕಂಪ್ಯೂಟರ್ ಎಸ್‌ಎಂಪಿಎಸ್ ಹಿಡಿದುಕೊಂಡು ಕೂರುವುದು. ಎಲ್3 ಪ್ಲಸ್ ಅನ್ನುವ ಇನ್ನೊಂದು ಹಳೇ ಮೈನರ್‌ಗೂ ಇದೇ ದಾರಿ. ಎಸ್19 ಥರದ ಹೊಸ ಮೈನರ್‌ಗಳಿಗೆ ಪವರ್ ಸಪ್ಲೈ ಮೈಗೇ ಅಂಟಿಕೊಂಡು ಬರುತ್ತದೆ, ಅವುಗಳ ತಂಟೆಗೆ ಎಟಿಎಕ್ಸ್, ಅಂದರೆ ಕಂಪ್ಯೂಟರ್ ಎಸ್‌ಎಂಪಿಎಸ್ ತಗೊಂಡು ಹೋಗಬೇಡಿ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಬಿಟ್‌ಕಾಯಿನ್ ಬ್ಲಾಕಿನ ಬಹುಮಾನ, ಅಂದರೆ ಮೈನಿಂಗ್ ಮಾಡಿದ್ದಕ್ಕೆ ಸಿಗುವ ಹೊಸ ಕಾಯಿನ್, ಅರ್ಧಕ್ಕಿಳಿದು 3.125 ಆಯಿತು. ಎಸ್9 ಈಗ ಕಲಿಯೋಕೆ ಚೆನ್ನ, ಗಳಿಸೋಕೆ ಅಲ್ಲ.

ಒಂದು ಎಚ್ಚರಿಕೆ. ಈ ಇಡೀ ಬರಹದಲ್ಲಿ ಎಲ್ಲೂ ಎಸ್‌ಎಂಪಿಎಸ್ ಬಿಚ್ಚಿ ಅಂತ ಹೇಳಿಲ್ಲ, ಬಿಚ್ಚಲೂಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 320ರಿಂದ 400 ವೋಲ್ಟ್ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಮೊದಲು ಲೇಬಲ್ ಓದಿ

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 500 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಮರೆತುಬಿಡಿ. ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪ್ ಇದೆ ನೋಡಿ. ಅಲ್ಲಿ 16 ಆಂಪ್ ಅಂತಿದ್ದರೆ ನಿಮಗೆ ಸಿಗುವುದು 12 ಇಂಟು 16, ಅಂದರೆ 192 ವ್ಯಾಟ್ ಮಾತ್ರ. ಉಳಿದದ್ದೆಲ್ಲ 5 ವೋಲ್ಟ್, 3.3 ವೋಲ್ಟ್ ಲೈನಿನ ಲೆಕ್ಕ, ಮೈನರ್‌ಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಲೋಕಲ್ ಎಸ್‌ಎಂಪಿಎಸ್‌ಗಳಲ್ಲಿ ಇದು ಮಾಮೂಲಿ. ಒಳ್ಳೇ ಎಸ್‌ಎಂಪಿಎಸ್ ಆದರೆ ಹೆಚ್ಚುಕಡಿಮೆ ಪೂರ್ತಿ ವ್ಯಾಟೇಜೂ 12 ವೋಲ್ಟಿನಲ್ಲೇ ಸಿಗುತ್ತದೆ.

ಎಸ್9ಗೆ ಎಷ್ಟು ಬೇಕು? ಸುಮಾರು 1,320 ವ್ಯಾಟ್, ಅಂದರೆ 110 ಆಂಪ್. ಹ್ಯಾಶಿಂಗ್ ಅನ್ನುವ ಮೈನಿಂಗ್ ಲೆಕ್ಕ ಮಾಡುವ ಚಿಪ್‌ಗಳಿರುವ ಮೂರು ಹ್ಯಾಶ್ ಬೋರ್ಡ್, ಒಂದೊಂದಕ್ಕೆ ಮೂರು 6 ಪಿನ್ ಪ್ಲಗ್, ಅವನ್ನೆಲ್ಲ ನಡೆಸುವ ಕಂಟ್ರೋಲ್ ಬೋರ್ಡಿಗೆ ಇನ್ನೊಂದು. ಒಟ್ಟು ಹತ್ತು. ಫ್ಯಾನನ್ನೂ ಸೇರಿಸಿಕೊಂಡು ಒಂದು ಬೋರ್ಡಿಗೆ 430-440 ವ್ಯಾಟ್ ಅಂತ ಇಟ್ಟುಕೊಳ್ಳಿ. ಈ ಅಂಕಿ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ. ಒಂದೊಂದು ಬೋರ್ಡಿಗೂ ಮೂರಕ್ಕೆ ಮೂರೂ ಪ್ಲಗ್ ಹಾಕಲೇಬೇಕು. ಎರಡು ಹಾಕಿ ಓಡುತ್ತಿದೆಯಲ್ಲಾ ಅಂತ ಖುಷಿಪಟ್ಟವರ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿರುವುದನ್ನು ನೋಡಿದ್ದೇನೆ.

ಆನೇ ಆಗದಿದ್ದರೆ

ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್‌ಗೆ ಆನ್ ಆಗು ಅನ್ನುವುದು ಮದರ್‌ಬೋರ್ಡ್. ಇಲ್ಲಿ ಮದರ್‌ಬೋರ್ಡೇ ಇಲ್ಲ. ಆದ್ದರಿಂದ 24 ಪಿನ್ ಪ್ಲಗ್ಗಿನ ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಜಂಪ್ ಮಾಡಬೇಕು, ಅಂದರೆ ತುಂಡು ವೈರಿನಿಂದ ಸೇರಿಸಬೇಕು. ವೈರೆಲ್ಲ ಕಪ್ಪೇ ಇರುವ ಎಸ್‌ಎಂಪಿಎಸ್ ಆದರೆ 16ನೇ ಪಿನ್ ಹಸಿರಿನ ಜಾಗ, 15 ಮತ್ತು 17 ಗ್ರೌಂಡ್. ಮೇನ್ಸ್ ಆಫ್ ಇರುವಾಗ ಜಂಪರ್ ಹಾಕಿ, ಆಮೇಲೆ ಆನ್ ಮಾಡಿ. ಪೇಪರ್ ಕ್ಲಿಪ್ ಟೆಸ್ಟಿಗೆ ಸರಿ. ದಿನವಿಡೀ ಓಡಿಸೋಕೆ ಕ್ಲಿಪ್ ಬೇಡ, ಅದು ಅಲುಗಾಡಿದಾಗಲೆಲ್ಲ ಮೈನರ್ ರೀಸ್ಟಾರ್ಟ್ ಆಗುತ್ತದೆ, ನೀವು ಬೇರೆ ಎಲ್ಲೋ ತಪ್ಪು ಹುಡುಕುತ್ತಾ ಕೂರುತ್ತೀರಿ. ರೆಡಿಮೇಡ್ ಜಂಪರ್ ಪ್ಲಗ್ ಸಿಗುತ್ತದೆ, ಅದನ್ನೇ ಹಾಕಿ.

ಜಂಪ್ ಮಾಡಿದರೂ ಫ್ಯಾನ್ ತಿರುಗಲಿಲ್ಲ ಅಂದ ಕೂಡಲೇ ಸತ್ತಿದೆ ಅಂತ ತೀರ್ಮಾನಿಸಬೇಡಿ. ಲೋಡ್ ಕಮ್ಮಿ ಇದ್ದಾಗ ಫ್ಯಾನ್ ನಿಲ್ಲಿಸಿಬಿಡುವ ಎಸ್‌ಎಂಪಿಎಸ್‌ಗಳು ಇವೆ. ಹಳದಿ (12 ವೋಲ್ಟ್) ಮತ್ತು ಕಪ್ಪು (ಗ್ರೌಂಡ್) ವೈರಿಗೆ ಮಲ್ಟಿಮೀಟರ್ ಹಿಡಿಯಿರಿ. 12ರ ಆಸುಪಾಸು ತೋರಿಸಿದರೆ ಅದು ಜೀವಂತ. ತೋರಿಸದಿದ್ದರೆ ನೇರಳೆ ವೈರ್ ನೋಡಿ. ಅದು ಸ್ಟ್ಯಾಂಡ್‌ಬೈ, ಮೇನ್ಸ್ ಇದ್ದರೆ ಸಾಕು, ಜಂಪರ್ ಇಲ್ಲದೆಯೂ ಅಲ್ಲಿ 5 ವೋಲ್ಟ್ ಬರಲೇಬೇಕು. ಅದೂ ಇಲ್ಲ ಅಂದರೆ ಹಿಂದಿನ ಸ್ವಿಚ್, ಪವರ್ ಕಾರ್ಡ್, ಗೋಡೆಯ ಪ್ಲಗ್ ಪಾಯಿಂಟ್ ನೋಡಿ. ಮೂರೂ ಸರಿಯಿದ್ದರೆ ಆಗ ಎಸ್‌ಎಂಪಿಎಸ್ ಹೋಗಿದೆ ಅನ್ನಿ. ಹಳೇ ಎಸ್‌ಎಂಪಿಎಸ್‌ನ ಬೆನ್ನಲ್ಲಿ 115/230 ಅಂತ ಒಂದು ಕೆಂಪು ಜಾರುವ ಸ್ವಿಚ್ ಇರುತ್ತದೆ. ಅದನ್ನು 115ಕ್ಕಿಟ್ಟು ನಮ್ಮ ಕರೆಂಟ್ ಕೊಟ್ಟರೆ ಪಟ್ ಅಂತ ಸದ್ದು ಬರುತ್ತದೆ, ಮುಂದಿನದು ಹೇಳಬೇಕಿಲ್ಲ.

ನಿಮ್ಮ ಮೀಟರಿನ ಬ್ಯಾಟರಿಯನ್ನೂ ಒಮ್ಮೆ ನೋಡಿಕೊಳ್ಳಿ. ಬ್ಯಾಟರಿ ಇಳಿದ ಅಗ್ಗದ ಮೀಟರ್ ಇರುವುದಕ್ಕಿಂತ ಜಾಸ್ತಿ ವೋಲ್ಟೇಜ್ ತೋರಿಸುತ್ತದೆ, 11.4 ಇದ್ದದ್ದನ್ನು ಆರಾಮಾಗಿ 12 ಅಂದುಬಿಡುತ್ತದೆ.

ಯಾವಾಗ ಆಫ್ ಆಯಿತು?

ಆನ್ ಮಾಡಿದ ಕೂಡಲೇ, ಫ್ಯಾನ್ ಒಂದು ಸಲ ಜರ್ಕ್ ಹೊಡೆದು ನಿಂತರೆ ಅದು ಶಾರ್ಟ್. ಎಲ್ಲ ಪ್ಲಗ್ ಕಿತ್ತು ಬರೀ ಎಸ್‌ಎಂಪಿಎಸ್ ಆನ್ ಮಾಡಿ. ನಿಂತುಕೊಂಡರೆ ಮೇನ್ಸ್ ಆಫ್ ಮಾಡಿ, ಕಂಟ್ರೋಲ್ ಬೋರ್ಡ್ ಮಾತ್ರ ಸೇರಿಸಿ ಮತ್ತೆ ಆನ್ ಮಾಡಿ. ಹೀಗೆ ಒಂದೊಂದೇ ಬೋರ್ಡ್ ಸೇರಿಸುತ್ತಾ ಹೋಗಿ. ಪ್ರತಿ ಸಲ ಟ್ರಿಪ್ ಆದಮೇಲೆ ಮೇನ್ಸ್ ಆಫ್ ಮಾಡಿ ಒಂದು ನಿಮಿಷ ಬಿಡಬೇಕು. ರಕ್ಷಣೆಯ ಸರ್ಕ್ಯೂಟ್ ಲಾಕ್ ಆಗಿರುತ್ತದೆ, ಒಳಗಿನ ಚಾರ್ಜ್ ಇಳಿಯದೆ ಅದು ಬಿಡುವುದಿಲ್ಲ. ಅವಸರದಲ್ಲಿ ಆಫ್ ಆನ್ ಮಾಡಿ, ಇನ್ನೂ ಬರ್ತಿಲ್ಲ, ಸತ್ತೇಹೋಯ್ತು ಅನ್ನುವವರು ಬೇಕಾದಷ್ಟು ಜನ.

ಈ ಶಾರ್ಟ್ ಬೋರ್ಡಿನದೇ ಆಗಬೇಕಿಲ್ಲ, ಪ್ಲಗ್ಗಿನದೂ ಇರಬಹುದು. ಸಿಪಿಯುಗೆ ಹೋಗುವ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡೋಕೆ ಅಣ್ಣತಮ್ಮಂದಿರು, ಒಳಗೆ ಪೂರಾ ಉಲ್ಟಾ. ಕೊಕ್ಕೆ ಇರುವ ಕಡೆಯ ಸಾಲು ನೋಡಿ. ಗ್ರಾಫಿಕ್ಸ್ ಪ್ಲಗ್ಗಿನಲ್ಲಿ ಕೊಕ್ಕೆಯ ಕಡೆ ಕಪ್ಪು, ಸಿಪಿಯು ಪ್ಲಗ್ಗಿನಲ್ಲಿ ಕೊಕ್ಕೆಯ ಕಡೆ ಹಳದಿ. 6 ಪಿನ್ ಸಾಲದೆ ಬಂದಾಗ ಸಿಪಿಯು ಪ್ಲಗ್ಗಿನ ಅಂಚು ಕೆತ್ತಿ ತುರುಕುವವರು ಇದ್ದಾರೆ. ಟ್ರಿಪ್ ಆದರೆ ನಿಮ್ಮ ಪುಣ್ಯ. ಇನ್ನೊಂದು, ಬಿಚ್ಚಿ ಹಾಕುವ ಕೇಬಲ್ ಬರುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಒಂದರ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಯಾವ ನಿಯಮವೂ ಇಲ್ಲ, ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೇ ಬೇರೆ ಇರಬಹುದು. ಸೆಕೆಂಡ್ ಹ್ಯಾಂಡ್ ತಗೊಂಡಾಗ ಜೊತೆಗೆ ಬಂದ ಕೇಬಲ್ ಅದರದ್ದೇ ಅಂತ ನಂಬುವ ಮುಂಚೆ ಮೀಟರ್ ಹಿಡಿದು ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಇನ್ನೊಂದು ಕಾಯಿನ್ನಿನ ಮೈನಿಂಗ್ ನಿಂತಮೇಲೆ ರಿಗ್‌ಗಳಲ್ಲಿ (ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಮೈನಿಂಗ್ ಮಾಡುವ ಕಂಪ್ಯೂಟರ್) ದುಡಿದ ಎಸ್‌ಎಂಪಿಎಸ್‌ಗಳು ಮಾರುಕಟ್ಟೆಗೆ ಬಂದವು, ಕೇಬಲ್ ಅದಲುಬದಲಾಗಿದ್ದರೆ ಯಾರಿಗೆ ಗೊತ್ತು.

ಒಂದೆರಡು ನಿಮಿಷ ಓಡಿ ಆಫ್ ಆದರೆ ಅದು ಲೋಡ್. ಎಸ್9 ಆನ್ ಆದ ಕೂಡಲೇ ಫ್ಯಾನ್ ಜೋರಾಗಿ ಕೂಗುತ್ತದೆ, ಆದರೆ ಕರೆಂಟ್ ಎಳೆಯುವುದು ಆಗಲ್ಲ. ಕಂಟ್ರೋಲ್ ಬೋರ್ಡ್ ಬೂಟ್ ಆಗಿ, ಚಿಪ್ ಎಣಿಸಿ, ಹ್ಯಾಶಿಂಗ್ ಶುರು ಮಾಡಿದಾಗ ಒಮ್ಮೆಲೇ ಎಳೆಯುತ್ತದೆ. ಆ ಹೊತ್ತಿಗೇ ಸರಿಯಾಗಿ ಆಫ್ ಆದರೆ ನಿಮ್ಮ 12 ವೋಲ್ಟ್ ಆಂಪ್ ಸಾಲುತ್ತಿಲ್ಲ. ಅಥವಾ ಎಸ್‌ಎಂಪಿಎಸ್‌ನ 12 ವೋಲ್ಟ್ ನಾಲ್ಕು ಪಾಲಾಗಿದ್ದು, ನೀವು ಮೂರೂ ಪ್ಲಗ್ಗನ್ನು ಒಂದೇ ಪಾಲಿನಿಂದ ತೆಗೆದಿದ್ದೀರಿ. ಲೇಬಲ್ ಮೇಲೆ 12ವಿ1, 12ವಿ2 ಅಂತ ಬೇರೆ ಬೇರೆ ಬರೆದಿದ್ದರೆ ಪ್ಲಗ್ಗುಗಳನ್ನು ಹಂಚಿ ಹಾಕಿ ನೋಡಿ.

ಇಪ್ಪತ್ತು ನಿಮಿಷದಿಂದ ಒಂದು ತಾಸಿನ ಮೇಲೆ ಆಫ್ ಆದರೆ ಬಿಸಿ. ತಣ್ಣಗಾಗುವವರೆಗೂ ಮತ್ತೆ ಆನ್ ಆಗುವುದಿಲ್ಲ, ಅದೇ ಗುರುತು. ಲೇಬಲ್ ವ್ಯಾಟೇಜ್ ಯಾವ ತಾಪಮಾನದಲ್ಲಿ ಅಳೆದದ್ದು ಅನ್ನುವುದೂ ಮುಖ್ಯ. ಒಳ್ಳೆಯವು 40 ಇಲ್ಲ 50 ಡಿಗ್ರಿಗೆ ಲೆಕ್ಕ ಹಾಕಿರುತ್ತವೆ, ಕೆಲವು 25 ಡಿಗ್ರಿಗೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ಶೀಟಿನ ಮನೆಯ ಮಹಡಿ ರೂಮಿನಲ್ಲಿ 25 ಡಿಗ್ರಿ ಎಲ್ಲಿಂದ ತರ್ತೀರಿ? ಎಸ್9ಗೇ ಕೋಣೆಯ ಮಿತಿ 40 ಡಿಗ್ರಿ. ಮೈನರ್ ಉಗುಳುವ ಬಿಸಿಗಾಳಿಯ ಎದುರಿಗೆ ಎಸ್‌ಎಂಪಿಎಸ್ ಇಟ್ಟಿರುತ್ತಾರೆ ನೋಡಿ, ಅದನ್ನು ಪಕ್ಕಕ್ಕೆ ಸರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಫ್ಯಾನಿನ ಧೂಳನ್ನೂ ನೋಡಿ. ಚಿತ್ರದುರ್ಗದ ಕಡೆ ಗಾಳಿ ಜೋರು, ಒಣ ಧೂಳು ಕೂರುತ್ತದೆ, ಊದಿದರೆ ಹೋಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಇದ್ದರೆ ಹೊಗೆಯ ಮಸಿ ಅಂಟಂಟಾಗಿ ಹಿಡಿದುಕೊಂಡಿರುತ್ತದೆ, ಬ್ರಶ್ ಬೇಕೇ ಬೇಕು.

ಹೊತ್ತುಗೊತ್ತಿಲ್ಲದೆ ಆಫ್ ಆಗುತ್ತಿದ್ದರೆ ಮನೆಯ ಕರೆಂಟ್ ಕಡೆ ನೋಡಬೇಕು. ಅದನ್ನು ಆಮೇಲೆ ಹೇಳುತ್ತೇನೆ.

5 ವೋಲ್ಟ್ ಖಾಲಿ ಬಿಟ್ಟರೆ

ಇದು ಜನಕ್ಕೆ ಹೊಳೆಯದ ಕಾರಣ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಗ್ಗದ, ಹಳೇ ವಿನ್ಯಾಸದ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟ್ ಮತ್ತು 5 ವೋಲ್ಟ್ ಎರಡಕ್ಕೂ ಸೇರಿ ಒಂದೇ ಕಂಟ್ರೋಲ್. ಒಂದರ ಮೇಲೆ ಭಾರ ಬಿದ್ದು ಅದು ಕುಸಿದರೆ ಒಳಗಿನ ಸರ್ಕ್ಯೂಟ್ ಎರಡನ್ನೂ ಸೇರಿಸಿ ಮೇಲೆತ್ತುತ್ತದೆ. ಕಂಪ್ಯೂಟರಿನಲ್ಲಿ ಎರಡರ ಮೇಲೂ ಒಂದಿಷ್ಟು ಲೋಡ್ ಇರುತ್ತದೆ, ಹಾಗಾಗಿ ನಡೆಯುತ್ತದೆ. ಮೈನರ್ ಕೇಳುವುದು ಬರೀ 12. 5 ವೋಲ್ಟಿಗೆ ಏನೂ ಸೇರಿಸಿಲ್ಲ. ಆಗ 12 ಕುಸಿದು 11.3ಕ್ಕೆ ಬರುತ್ತದೆ, ಅದನ್ನು ಎತ್ತಲು ಹೋಗಿ ಖಾಲಿ ಕೂತಿರುವ 5 ವೋಲ್ಟ್ ಐದೂವರೆ ದಾಟುತ್ತದೆ, ಇನ್ನಷ್ಟು ಏರಿದರೆ ಓವರ್ ವೋಲ್ಟೇಜ್ ಅಂತ ಎಸ್‌ಎಂಪಿಎಸ್ ತಾನೇ ಆಫ್ ಆಗುತ್ತದೆ. ನೀವು ಲೋಡ್ ಜಾಸ್ತಿ ಆಯಿತು ಅಂದುಕೊಳ್ಳುತ್ತೀರಿ. ಲೆಕ್ಕ ಹಾಕಿದರೆ ಲೋಡ್ ಅರ್ಧವೂ ಇರುವುದಿಲ್ಲ.

ಕಂಡುಹಿಡಿಯೋದು ಸುಲಭ. ಮೈನರ್ ಓಡುತ್ತಿರುವಾಗ ಕೆಂಪು ಮತ್ತು ಕಪ್ಪು ವೈರಿನ ನಡುವೆ ಅಳೆಯಿರಿ. 5.25ಕ್ಕಿಂತ ಮೇಲಿದ್ದರೆ ಇದೇ ರೋಗ. ತಾತ್ಕಾಲಿಕ ಮದ್ದು ಅಂದರೆ ಹಳೇ ಹಾರ್ಡ್ ಡಿಸ್ಕ್ ಒಂದನ್ನು ಮೋಲೆಕ್ಸ್ ಅನ್ನುವ ನಾಲ್ಕು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸಿ 5 ವೋಲ್ಟಿಗೂ ಸ್ವಲ್ಪ ಕೆಲಸ ಕೊಡುವುದು. ನಿಜವಾದ ಮದ್ದು ಅಂದರೆ 5 ವೋಲ್ಟನ್ನು 12ರಿಂದಲೇ ಬೇರೆ ಕನ್ವರ್ಟರ್ ಇಟ್ಟು ತಯಾರಿಸುವ ಹೊಸ ವಿನ್ಯಾಸದ ಎಸ್‌ಎಂಪಿಎಸ್. 80 ಪ್ಲಸ್ ಗೋಲ್ಡ್ ಅನ್ನುವ ದಕ್ಷತೆಯ ಗುರುತಿರುವ ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ, ಅವಕ್ಕೆ ಈ ತಕರಾರಿಲ್ಲ.

ಎರಡು ಎಸ್‌ಎಂಪಿಎಸ್ ಜೋಡಿಸಿದಾಗ

ಹರಿಹರದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, 850ದು ಎರಡು ಅದಾವೆ. ಒಟ್ಟು 1700 ಆತು. ಎಸ್9ಗೆ 1350 ಸಾಕಲ್ವಾ? ಆದ್ರೂ ಒಂದು ಆಫ್ ಆಗ್ತೈತಿ."

"ಸಾಕಪ್ಪ. ಆದ್ರೆ ಮೂರು ಬೋರ್ಡನ್ನ ಎರಡು ಪಾಲು ಹೆಂಗ್ ಮಾಡಿದೀಯ?"

ಒಂದಕ್ಕೆ ಎರಡು ಬೋರ್ಡ್, ಇನ್ನೊಂದಕ್ಕೆ ಒಂದು. ಮತ್ತಿನ್ನೇನು ಮಾಡೋಕಾಗುತ್ತೆ? ಎರಡು ಬೋರ್ಡು ಹೊತ್ತ ಎಸ್‌ಎಂಪಿಎಸ್ ಮೇಲೆ 860-870 ವ್ಯಾಟ್ ಬೀಳುತ್ತಿತ್ತು. ಇನ್ನೊಂದು ಅರ್ಧ ಲೋಡಿನಲ್ಲಿ ಆರಾಮಾಗಿ ಕೂತಿತ್ತು. ಅವನ ಮುಂದಿನ ಐಡಿಯಾ, ನಡುವಿನ ಬೋರ್ಡಿಗೆ ಎರಡು ಪ್ಲಗ್ ಇದರಿಂದ, ಒಂದು ಪ್ಲಗ್ ಅದರಿಂದ ಕೊಡೋದು. ಬೇಡವೇ ಬೇಡ. ಒಂದು ಬೋರ್ಡಿನ ಮೂರೂ ಪ್ಲಗ್ ಒಂದೇ ಎಸ್‌ಎಂಪಿಎಸ್‌ನಿಂದ ಬರಬೇಕು. ಎರಡು ಎಸ್‌ಎಂಪಿಎಸ್‌ಗಳ 12 ವೋಲ್ಟ್ ಎಂದೂ ಒಂದೇ ಸಮ ಇರುವುದಿಲ್ಲ. ಒಂದು 12.1 ಇರುತ್ತದೆ, ಇನ್ನೊಂದು 11.9. ಬೋರ್ಡಿನ ಮೇಲೆ ಅವೆರಡೂ ಕೂಡಿಕೊಂಡರೆ ಜಾಸ್ತಿ ಇರುವುದು ಇಡೀ ಭಾರ ಹೊರುತ್ತದೆ, ಕಮ್ಮಿ ಇರುವುದಕ್ಕೆ ಹಿಂದಿನಿಂದ ಕರೆಂಟ್ ನುಗ್ಗಬಹುದು. ಟ್ರಿಪ್ ಆಗುತ್ತದೆ, ಇಲ್ಲ ಹಾಳಾಗುತ್ತದೆ.

ಕೊನೆಗೆ ಅವನಿಗೆ ಹೇಳಿದ್ದು, ಎರಡೇ ಬೋರ್ಡ್ ಓಡಿಸು, ಒಂದೊಂದಕ್ಕೆ ಒಂದೊಂದು ಎಸ್‌ಎಂಪಿಎಸ್ ಕೊಡು, ಮೂರನೇದನ್ನು ಸ್ಪೇರ್ ಇಟ್ಕೋ. ಅರ್ಧ ಲೋಡಿನಲ್ಲೇ ಎಸ್‌ಎಂಪಿಎಸ್‌ನ ದಕ್ಷತೆ ಚೆನ್ನಾಗಿರುತ್ತದೆ, ಫ್ಯಾನ್ ಸದ್ದೂ ಕಮ್ಮಿ. ಮೂರೂ ಬೇಕೇ ಬೇಕು ಅಂದರೆ ಒಂದನ್ನು 1,200 ವ್ಯಾಟಿನದು ಮಾಡಿಕೊಳ್ಳಬೇಕು, ಇಲ್ಲ ಫ್ರೀಕ್ವೆನ್ಸಿ, ಅಂದರೆ ಚಿಪ್ಪಿನ ವೇಗ ಇಳಿಸಿ ಬೋರ್ಡಿನ ಹಸಿವು ಕಮ್ಮಿ ಮಾಡಬೇಕು.

ಎರಡು ಇದ್ದಾಗ ಇನ್ನೆರಡು ಸಂಗತಿ. ಎರಡರ ಗ್ರೌಂಡ್ ದಪ್ಪ ವೈರಿನಲ್ಲಿ ಸೇರಿರಬೇಕು. ಇಲ್ಲದಿದ್ದರೆ ಎರಡರ ನಡುವಿನ ಗ್ರೌಂಡ್ ವ್ಯತ್ಯಾಸವೆಲ್ಲ ಕಂಟ್ರೋಲ್ ಬೋರ್ಡಿನ ಆ ತೆಳ್ಳನೆ ಡೇಟಾ ಕೇಬಲ್ ಮೂಲಕ ಹರಿಯುತ್ತದೆ. ಎರಡನೆಯದು, ಆನ್ ಆಗುವ ಕ್ರಮ. ಹ್ಯಾಶ್ ಬೋರ್ಡಿಗೆ ಮೊದಲು ಕರೆಂಟ್ ಸಿಗಬೇಕು, ಕಂಟ್ರೋಲ್ ಬೋರ್ಡಿಗೆ ಆಮೇಲೆ, ಇಲ್ಲ ಎಲ್ಲಕ್ಕೂ ಒಟ್ಟಿಗೇ. ಕಂಟ್ರೋಲ್ ಬೋರ್ಡ್ ಮೊದಲೇ ಎದ್ದು ಎಣಿಕೆ ಹಾಕುವಾಗ ಇನ್ನೊಂದು ಎಸ್‌ಎಂಪಿಎಸ್ ಇನ್ನೂ ಆನ್ ಆಗಿರದಿದ್ದರೆ ಅಲ್ಲಿಯ ಬೋರ್ಡ್ ಲೆಕ್ಕಕ್ಕೇ ಸಿಗುವುದಿಲ್ಲ. ನಿನ್ನೆ ಮೂರು ತೋರಿಸ್ತಿತ್ತು, ಇವತ್ತು ಎರಡೇ ತೋರಿಸ್ತಿದೆ, ನಾಳೆ ಮತ್ತೆ ಮೂರು ಅನ್ನುವ ಭೂತಚೇಷ್ಟೆ ಬಹುತೇಕ ಇದೇ. ಎರಡೂ ಎಸ್‌ಎಂಪಿಎಸ್ ಒಟ್ಟಿಗೆ ಆನ್ ಮಾಡಿಸುವ ಸಣ್ಣ ರಿಲೇ ಬೋರ್ಡ್ ಸಿಗುತ್ತದೆ, ಮೊದಲನೆಯದರ ಮೋಲೆಕ್ಸ್‌ನಿಂದ ಕರೆಂಟ್ ತಗೊಂಡು ಎರಡನೆಯದರ ಹಸಿರು ವೈರನ್ನು ಜಂಪ್ ಮಾಡುತ್ತದೆ. ಅದನ್ನು ಹಾಕಿಕೊಳ್ಳಿ.

ಬೋರ್ಡಿನ ತುದಿಯಲ್ಲಿ ಅಳೆಯಿರಿ

ಇದೇ ಈ ಕೆಲಸದ ಪ್ರಾಣ. ಲೋಡ್ ಇಲ್ಲದಾಗ 12.1 ತೋರಿಸಿತು, ಎಸ್‌ಎಂಪಿಎಸ್ ಸರಿಯಿದೆ ಅನ್ನುವ ಮಾತಿಗೆ ಬೆಲೆಯಿಲ್ಲ. ಟ್ಯಾಂಕ್ ತುಂಬಿದೆ ಅಂದಮಾತ್ರಕ್ಕೆ ಬೀದಿಯ ಕೊನೇ ಮನೆ ನಲ್ಲಿಯಲ್ಲಿ ನೀರು ಬರುತ್ತೆ ಅಂತಲ್ಲವಲ್ಲ.

ಮೈನರ್ ಪೂರಾ ಓಡುತ್ತಿರುವಾಗ, ಪ್ಲಗ್ ಹಾಕಿದ ಹಾಗೇ ಇರಲಿ, ಅದರ ಹಿಂಬದಿಯಲ್ಲಿ ವೈರ್ ಒಳಹೋಗುವ ತೂತಿನಿಂದ ಮೀಟರಿನ ಚೂಪು ಪ್ರೋಬ್ ಇಳಿಸಿ ಹಳದಿ, ಕಪ್ಪು ಅಳೆಯಿರಿ. ಪ್ರೋಬ್ ಜಾರಿ ಎರಡನ್ನೂ ಒಟ್ಟಿಗೆ ಮುಟ್ಟದ ಹಾಗೆ ನೋಡಿಕೊಳ್ಳಿ, ಅಲ್ಲಿ 100 ಆಂಪ್ ಕೊಡಬಲ್ಲ ಲೈನ್ ಇದೆ. ಆಮೇಲೆ ಬೋರ್ಡಿನ ಸಾಕೆಟ್ ಬೆಸುಗೆ ಹಾಕಿದ ಜಾಗದಲ್ಲಿ ಅಳೆಯಿರಿ. ಕೊನೆಗೆ ಎಸ್‌ಎಂಪಿಎಸ್ ತುದಿಯಲ್ಲಿ. ಮೂರು ಅಂಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಎಸ್9ಗೆ ಬೇಕಾದದ್ದು 11.6ರಿಂದ 13 ವೋಲ್ಟ್. ಕಂಪ್ಯೂಟರ್ ಎಸ್‌ಎಂಪಿಎಸ್‌ನ ನಿಯಮ 11.4ರಿಂದ 12.6. ಈ ಎರಡರ ನಡುವಿನ ಸಂದು ಗಮನಿಸಿ. ನಿಮ್ಮ ಎಸ್‌ಎಂಪಿಎಸ್ 11.5 ಕೊಡುತ್ತಿದ್ದರೆ ಅದರ ನಿಯಮದ ಪ್ರಕಾರ ಅದು ಪಾಸ್, ಮೈನರಿನ ಪ್ರಕಾರ ಫೇಲ್. ಅಂಗಡಿಯವರು ಟೆಸ್ಟರ್ ಹಾಕಿ ಚೆನ್ನಾಗಿದೆ ತಗೊಂಡ್ಹೋಗಿ ಅಂತಾರೆ, ಮನೆಗೆ ತಂದರೆ ಬೋರ್ಡ್ ಬೀಳುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈಗ ವೈರ್ ಎಷ್ಟು ತಿನ್ನುತ್ತದೆ ನೋಡೋಣ. ಒಂದು ಬೋರ್ಡಿಗೆ 36 ಆಂಪ್, ಮೂರು ಪ್ಲಗ್ಗಿಗೆ ಹಂಚಿದರೆ ತಲಾ 12, ಪ್ಲಗ್ಗಿನಲ್ಲಿ ಮೂರು ಹಳದಿ ವೈರ್ ಇದ್ದರೆ ವೈರಿಗೆ 4 ಆಂಪ್. 18 ಗೇಜ್ ವೈರ್ ಮೀಟರಿಗೆ ಸುಮಾರು 21 ಮಿಲಿಓಮ್. 60 ಸೆಂಟಿಮೀಟರ್ ಕೇಬಲ್ ಅಂದರೆ ಹೋಗಿ ಬರೋಕೆ 25 ಮಿಲಿಓಮ್. 4 ಆಂಪಿಗೆ ಹತ್ತನೇ ಒಂದು ವೋಲ್ಟ್ ಹೋಗುತ್ತದೆ, ಪರವಾಗಿಲ್ಲ. ಒಂದೇ ಕೇಬಲ್ಲಿನಲ್ಲಿ ಎರಡು ಪ್ಲಗ್ ನೇತಾಡುತ್ತಿದ್ದು ಎರಡನ್ನೂ ಬೋರ್ಡಿಗೆ ಹಾಕಿದರೆ ವೈರಿಗೆ 8 ಆಂಪ್, ಕಳೆದುಹೋಗುವುದೂ ಡಬಲ್. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಮೂರರ ಬದಲು ಎರಡೇ ಹಳದಿ ವೈರ್ ಇರುತ್ತದೆ, ಆಗ ಇನ್ನೂ ಜಾಸ್ತಿ. ಎಕ್ಸ್‌ಟೆನ್ಶನ್ ಕೇಬಲ್, ಒಂದನ್ನು ಎರಡು ಮಾಡುವ ಸ್ಪ್ಲಿಟರ್ ಬೇರೆ ಹಾಕಿದ್ದರೆ ಕೇಳಬೇಡಿ.

ಎಸ್‌ಎಂಪಿಎಸ್ ತುದಿಯಲ್ಲಿ 11.9, ಬೋರ್ಡಿನಲ್ಲಿ 11.2 ಬಂತು ಅನ್ನಿ. 0.7 ಎಲ್ಲೋ ಕಳೆದಿದೆ. ವೈರಿನ ಲೆಕ್ಕ 0.1, ಜಾಸ್ತಿ ಅಂದರೆ 0.2. ಉಳಿದ ಅರ್ಧ ವೋಲ್ಟ್ ಪ್ಲಗ್ಗಿನಲ್ಲಿದೆ. ಖಾತ್ರಿ ಮಾಡಿಕೊಳ್ಳಲು ಮೀಟರನ್ನು ಮಿಲಿವೋಲ್ಟಿಗೆ ಹಾಕಿ, ಒಂದು ಪ್ರೋಬ್ ಪ್ಲಗ್ಗಿನ ಹಿಂದಿನ ಹಳದಿಗೆ, ಇನ್ನೊಂದು ಅದೇ ಪಿನ್ನಿನ ಬೆಸುಗೆಗೆ. ಒಳ್ಳೇ ಪ್ಲಗ್ ಆದರೆ ಹತ್ತಿಪ್ಪತ್ತು ಮಿಲಿವೋಲ್ಟ್ ಬರಬಹುದು. ನೂರಾರು ಬಂದರೆ ಕಳ್ಳ ಸಿಕ್ಕ. ಅರ್ಧ ವೋಲ್ಟ್, 12 ಆಂಪ್ ಅಂದರೆ 6 ವ್ಯಾಟ್ ಬಿಸಿ, ಬೆರಳ ತುದಿಯಷ್ಟು ಜಾಗದಲ್ಲಿ. ಆಫ್ ಮಾಡಿ ಪ್ಲಗ್ ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ತಗಡಿನ ತುಟಿ ಅಗಲವಾಗಿ ತೆರೆದುಕೊಂಡಿರುತ್ತದೆ, ಹೊಳಪು ಹೋಗಿ ಕಪ್ಪಾಗಿರುತ್ತದೆ, ಪ್ಲಾಸ್ಟಿಕ್ ಅಂಚು ಕಂದಾಗಿ ಸ್ವಲ್ಪ ಜಗ್ಗಿರುತ್ತದೆ. ಒಂದು ಪಿನ್ ಹಿಂದಕ್ಕೆ ಜಾರಿ ಸಾಕೆಟ್ಟನ್ನೇ ಮುಟ್ಟದೆ ಇರುವುದೂ ಉಂಟು, ಆಗ ಉಳಿದೆರಡು ಪಿನ್ ಅದರ ಪಾಲನ್ನೂ ಹೊರುತ್ತವೆ. ಹೀಗೆ ಬೆಂದ ಪ್ಲಗ್ಗನ್ನು ಉಜ್ಜಿ, ಒತ್ತಿ ಮತ್ತೆ ಹಾಕಬೇಡಿ. ಟರ್ಮಿನಲ್ ಬದಲಾಯಿಸಬೇಕು. ಬೋರ್ಡಿನ ಸಾಕೆಟ್ ಸುಟ್ಟಿದ್ದರೆ ಅದನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಪ್ಲಗ್ಗೂ ಅದೇ ದಾರಿ ಹಿಡಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್ ರಿಗ್ ಇಟ್ಟವರಿಗೆ ಒಂದೇ ಮಾತು. ಕಾರ್ಡನ್ನು ಮದರ್‌ಬೋರ್ಡಿಗೆ ದೂರದಿಂದ ಜೋಡಿಸುವ ರೈಸರಿಗೆ, ಹಾರ್ಡ್ ಡಿಸ್ಕಿಗೆ ಹಾಕುವ ಸಾಟಾ ಪ್ಲಗ್ಗಿನಿಂದ ಕರೆಂಟ್ ಕೊಡಬೇಡಿ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಮೂರು ಸಣ್ಣ ಪಿನ್, ತಲಾ ಒಂದೂವರೆ ಆಂಪ್, ಒಟ್ಟು 54 ವ್ಯಾಟ್. ಕಾರ್ಡು ಸ್ಲಾಟಿನಿಂದ 75ರವರೆಗೆ ಎಳೆಯಬಹುದು. ರಿಗ್‌ನಲ್ಲಿ ಸುಟ್ಟ ವಾಸನೆ ಬಂದರೆ ಮೊದಲು ಅಲ್ಲೇ ನೋಡಿ.

ಮನೆಯ ಕರೆಂಟ್

ಎಸ್9 ಗೋಡೆಯಿಂದ ಎಳೆಯುವುದು ಸುಮಾರು 1,450 ವ್ಯಾಟ್. 230 ವೋಲ್ಟಿಗೆ 6.3 ಆಂಪ್. ಟಿವಿ, ಫೋನ್ ಚಾರ್ಜರ್ ಹಾಕುವ 6 ಆಂಪ್ ಪಾಯಿಂಟಿಗೆ ಇದು ಆಗಲೇ ಜಾಸ್ತಿ. ಬೇಸಿಗೆಯ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಎಸ್‌ಎಂಪಿಎಸ್ ಅಷ್ಟೇ ವ್ಯಾಟ್ ಬೇಕು ಅಂತ 8 ಆಂಪ್ ಎಳೆಯುತ್ತದೆ. ಗೀಸರ್ ಹಾಕುವ 16 ಆಂಪ್ ಪಾಯಿಂಟೇ ಬೇಕು, ನಡುವೆ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಬೀದಿಯಲ್ಲಿ ಎಲ್ಲರೂ ಮೋಟಾರ್ ಹಾಕುವ ಹೊತ್ತಿಗೇ ಮೈನರ್ ರೀಸ್ಟಾರ್ಟ್ ಆಗುತ್ತಿದ್ದರೆ ಮೀಟರನ್ನು ಗೋಡೆ ಪಾಯಿಂಟಿಗೆ ಹಾಕಿ ಒಂದು ಸಂಜೆ ನೋಡಿ, ಗೊತ್ತಾಗುತ್ತದೆ.

ಮನೆಯ ಇನ್ವರ್ಟರ್ ಲೈನಿನಲ್ಲಿ ಮೈನರ್ ಇಡಬೇಡಿ. 900 ವಿಎ ಇನ್ವರ್ಟರ್ ಇದನ್ನು ಹೊರುವುದಿಲ್ಲ. ಜೊತೆಗೆ ಸ್ಕ್ವೇರ್ ವೇವ್ ಇನ್ವರ್ಟರಿಗೂ ಆಕ್ಟಿವ್ ಪಿಎಫ್‌ಸಿ (ಮೇನ್ಸ್‌ನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೂ ಹೊಂದಾಣಿಕೆ ಆಗುವುದಿಲ್ಲ, ಗುಂಯ್ ಅಂತ ಸದ್ದು ಮಾಡುತ್ತದೆ, ಆಫ್ ಆಗುತ್ತದೆ.

ಬಾಡಿ ಮುಟ್ಟಿದರೆ ಜುಮ್ ಅನ್ನುತ್ತಿದೆಯಾ? ಎಸ್‌ಎಂಪಿಎಸ್ ಲೀಕ್ ಆಗಿದೆ ಅಂತ ಗಾಬರಿ ಬೇಡ, ಬಹುತೇಕ ನಿಮ್ಮ ಪಾಯಿಂಟಿಗೆ ಅರ್ಥಿಂಗ್ ಇಲ್ಲ. ಫಿಲ್ಟರ್ ಕೆಪಾಸಿಟರ್‌ಗಳ ಸಣ್ಣ ಕರೆಂಟ್ ಅರ್ಥಿಗೆ ಹೋಗಬೇಕಿತ್ತು, ದಾರಿ ಇಲ್ಲದೆ ನಿಮ್ಮ ಕೈಗೆ ಬರುತ್ತಿದೆ. ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗ್ ಸರಿಯಾಗುವವರೆಗೂ ಓಡಿಸಬೇಡಿ.

ಬಿಲ್ಲಿನ ಲೆಕ್ಕವೂ ಇಲ್ಲೇ ಹೇಳಿಬಿಡ್ತೀನಿ. ದಿನಕ್ಕೆ ಸುಮಾರು 35 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಆ 200ನ್ನು ಎಸ್9 ಒಂದೇ ಆರು ದಿನದಲ್ಲಿ ಮುಗಿಸುತ್ತದೆ. "ಅಮ್ಮ ಬೈತಾಳೆ" ಅನ್ನುವುದೂ ಒಂದು ದೋಷವೇ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಸಿಕ್ಕ ಕಾಯಿನ್ ಮಾರಿದರೆ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಬೇರೆ, ಅದರಲ್ಲಿ ಕರೆಂಟ್ ಬಿಲ್ ಖರ್ಚು ಕಳೆಯೋಕೆ ಬರುವುದಿಲ್ಲ.

ಎಸ್‌ಎಂಪಿಎಸ್ ಅಲ್ಲವೇ ಅಲ್ಲ ಅನ್ನೋದು ಯಾವಾಗ

ಬ್ರೌಸರಿನಲ್ಲಿ ಮೈನರ್ ಸ್ಟೇಟಸ್ ಪುಟ ತೆಗೆಯಿರಿ. ಪ್ರತಿ ಬೋರ್ಡಿಗೆ 63 ಚಿಪ್ ತೋರಿಸಬೇಕು. ಒಂದು ಬೋರ್ಡ್ ಸೊನ್ನೆ ತೋರಿಸುತ್ತಿದ್ದರೆ ಎಲ್ಲ ಆಫ್ ಮಾಡಿ, ಅದರ ಮೂರು ಪವರ್ ಪ್ಲಗ್ಗನ್ನು ಚೆನ್ನಾಗಿರುವ ಬೋರ್ಡಿನ ಪ್ಲಗ್ಗುಗಳ ಜೊತೆ ಅದಲುಬದಲು ಮಾಡಿ. ಡೇಟಾ ಕೇಬಲ್ ಮುಟ್ಟಬೇಡಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಸೊನ್ನೆ ಆ ಕಡೆಯ ಬೋರ್ಡಿಗೆ ಹೋದರೆ ತಪ್ಪು ಕೇಬಲ್ಲಿನದೋ ಎಸ್‌ಎಂಪಿಎಸ್‌ನದೋ. ಅದೇ ಬೋರ್ಡಿನಲ್ಲಿ ಉಳಿದರೆ ಆಮೇಲೆ ಡೇಟಾ ಕೇಬಲ್ ಬದಲಾಯಿಸಿ ನೋಡಿ. ಆಗಲೂ ಅಲ್ಲೇ ಇದೆ, ಸಾಕೆಟ್ ಬೆಸುಗೆಯಲ್ಲಿ 11.8 ವೋಲ್ಟ್ ಬರುತ್ತಿದೆ ಅಂದರೆ ಬೋರ್ಡೇ ಹೋಗಿದೆ. 63ರ ಬದಲು 40, 50 ಅಂತ ತೋರಿಸುತ್ತಿದ್ದರೆ, ವೋಲ್ಟೇಜ್ ಸರಿಯಿದ್ದ ಪಕ್ಷದಲ್ಲಿ, ಅದು ಚಿಪ್ಪಿನ ಕಡೆಯ ತಪ್ಪು. ಅದಕ್ಕೆ ಹಾಟ್ ಏರ್ ಗನ್ನು, ಟೆಸ್ಟ್ ಜಿಗ್ಗು (ಬೋರ್ಡನ್ನು ಬಿಡಿಯಾಗಿ ಪರೀಕ್ಷಿಸುವ ಸಾಧನ) ಇರುವವರು ಬೇಕು. ಅವರ ಹತ್ತಿರ ತಗೊಂಡು ಹೋಗುವಾಗ ಚೀಟಿಯಲ್ಲಿ ಬರೆದುಕೊಂಡ ಮೂರು ಅಂಕಿ ಜೊತೆಗಿರಲಿ, ಅರ್ಧ ಗಂಟೆಯ ಕೆಲಸ ಉಳಿಯುತ್ತದೆ.